ಬೊಂಬೆಗೆ ಎರಡೂ ಕೈ ಒಂದೇ ಥರ

ಆರೈಕೆ ಸಿಬ್ಬಂದಿ ತರಬೇತಿಯ ನಿರ್ದೇಶಕರಿಗೆ,

ಮಾನ್ಯರೇ, ನಮ್ಮ ಆರೈಕೆ ಕೇಂದ್ರದ ಏಳನೇ ಬೆಡ್ಡಿನ ಅಜ್ಜಿಯ ಎಡಭುಜದ ಕೀಲು ತಪ್ಪಿದೆ. ತಪ್ಪಿಸಿದವರು ನೀವು. ಈ ಜನ್ಮದಲ್ಲಿ ನಿಮ್ಮನ್ನು ಕ್ಷಮಿಸುವ ಉದ್ದೇಶ ನನಗಿಲ್ಲ ಎಂಬುದನ್ನು ಮೊದಲೇ ವಿನಯಪೂರ್ವಕವಾಗಿ ತಿಳಿಸುತ್ತೇನೆ.

"ಬದಲಾಗುತ್ತಿರುವ ಅಗತ್ಯಗಳಿಗೆ ತಕ್ಕ ಸಿಬ್ಬಂದಿ" ಎಂಬುದು ನಿಮ್ಮ ಸುತ್ತೋಲೆಯ ತಲೆಬರಹ. ಅಗತ್ಯ ಬದಲಾಗಿರುವುದು ನಿಜ. ಮೊದಲು ಜ್ವರ ಬಂದವರು ವಾರ ಮಲಗಿ ಎದ್ದು ಹೋಗುತ್ತಿದ್ದರು. ಈಗ ಬರುವವರು ಲಕ್ವ ಹೊಡೆದವರು, ಮಕ್ಕಳ ಹೆಸರೇ ಮರೆತವರು, ವರ್ಷಗಟ್ಟಲೆ ಮಲಗಿಯೇ ಇರುವವರು. ಅವರನ್ನು ಎತ್ತಿ ಕೂರಿಸಲು, ಹೊರಳಿಸಲು ಕೈ ಪಳಗಿದವರು ಬೇಕು. ಅದಕ್ಕೆ ನೀವು ಮಾಡಿದ್ದೇನು? ಹತ್ತನೇ ತರಗತಿ ಪಾಸಾಗದವರು ರೋಗಿಯನ್ನು ಮುಟ್ಟಕೂಡದು ಎಂದಿರಿ. ನಾನು ಎಂಟನೇ ತರಗತಿಗೇ ಶಾಲೆ ಬಿಟ್ಟವಳು. ಮೂರು ವರ್ಷ ಅಜ್ಜಿಯ ವಾರ್ಡಿನಲ್ಲೇ ರೋಗಿಗಳನ್ನು ನೋಡಿಕೊಂಡ ನನ್ನ ಕೈಗೆ ನೆಲ ಒರೆಸುವ ಕೋಲು ಬಂತು.

ಅಜ್ಜಿ ನಲವತ್ತು ವರ್ಷ ಬಟ್ಟೆ ಹೊಲಿದವರು. ಲಕ್ವ ಹೊಡೆದು ಎಡಗೈ ಬಿದ್ದುಹೋದ ಮೇಲೂ ಅದನ್ನೇ ಬಟ್ಟೆಯ ಮೇಲೆ ಭಾರಕ್ಕಿಟ್ಟು, ಬಲಗೈಯಲ್ಲಿ ಗುಂಡಿ ಹಚ್ಚುವುದನ್ನು ನಾಲ್ಕು ತಿಂಗಳಲ್ಲಿ ಕಲಿತಿದ್ದರು.

"ಲೇ ಹುಡುಗಿ, ಅಂಗಿಗೆ ಒಂದು ಗುಂಡಿ ಇಲ್ಲ, ನಾಚಿಕೆ ಆಗಲ್ವೇನೇ? ನಾಳೆ ಬಿಚ್ಚಿ ಕೊಡು."

"ಬಿಚ್ಚಿ ಕೊಟ್ಟು ನಾನೇನು ಹಾಗೇ ನೆಲ ಒರೆಸ್ಲಾ ಅಜ್ಜೀ?"

"ಒರೆಸು. ಎದುರು ವಾರ್ಡಿನ ಮುದುಕರೆಲ್ಲ ಎದ್ದು ಓಡಾಡ್ತಾರೆ."

ಆ ನಾಳೆ ಬೆಳಿಗ್ಗೆ, ನಿಮ್ಮ ಪ್ರಮಾಣಪತ್ರ ಪಡೆದ ಹೊಸ ಹುಡುಗಿ ಅಜ್ಜಿಯನ್ನು ಕೂರಿಸಲು ಆ ಎಡಗೈಯನ್ನೇ ಹಿಡಿದು ಎಳೆದಳು. ನಾನು ಬಾಗಿಲಲ್ಲಿದ್ದೆ. "ಆ ಕೈ ಬೇಡ ಕಣೇ!" ಎಂದು ಕೂಗುವಷ್ಟರಲ್ಲಿ ಆಗಿಹೋಗಿತ್ತು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಬಟ್ಟೆ ಒಗೆಯುವ ಕೋಣೆಯಲ್ಲಿ ಅಳುತ್ತ ಕೂತಿದ್ದಳು.

"ಹೇಳಿಕೊಡಲಿಲ್ವಾ ನಿಂಗೆ?"

"ಕೊಟ್ರು ಅಕ್ಕಾ, ಹನ್ನೆರಡು ದಿನ, ಬೊಂಬೆ ಮೇಲೆ. ಬೊಂಬೆಗೆ ಎರಡೂ ಕೈ ಒಂದೇ ಥರ ಇತ್ತು."

ಎಂಥ ಒಳ್ಳೆಯ ರೋಗಿ ನಿಮ್ಮ ಬೊಂಬೆ! ನರಳುವುದಿಲ್ಲ, ಬೈಯುವುದಿಲ್ಲ, ಎಷ್ಟು ಜಗ್ಗಿದರೂ ನಗುತ್ತಲೇ ಇರುತ್ತದೆ. ಅಂಥ ರೋಗಿಗಳು ನಮ್ಮಲ್ಲಿ ಒಬ್ಬರೂ ಇಲ್ಲವಲ್ಲ, ಏನು ಮಾಡೋಣ?

ಸುಳ್ಳು ಹೇಳಲಾರೆ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ಹದಿಮೂರನೇ ವಯಸ್ಸಿನಲ್ಲಿ, ಲಕ್ವ ಹೊಡೆದಿದ್ದ ನನ್ನ ತಾತನ ಮೇಲೆ. ಅವರನ್ನು ನೋಡಿಕೊಳ್ಳಲೆಂದೇ ಶಾಲೆ ಬಿಟ್ಟಿದ್ದು. ಅವರು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಅಂದಿನಿಂದ ಬೆನ್ನಿಗೆ ಕೈ ಕೊಡದೆ ಯಾರನ್ನೂ ಎತ್ತಿಲ್ಲ. ಈ ಪಾಠವನ್ನು ಆ ಹುಡುಗಿಗೆ ಎರಡು ನಿಮಿಷದಲ್ಲಿ ಹೇಳಿಕೊಡುತ್ತಿದ್ದೆ. ನೀವು ನನ್ನನ್ನು ಬಾಗಿಲಾಚೆ ನಿಲ್ಲಿಸಿದಿರಿ.

ಈಗ ಆ ಕೈಯನ್ನು ಪಟ್ಟಿ ಸುತ್ತಿ ಎದೆಗೆ ಕಟ್ಟಿದ್ದಾರೆ. ಅಜ್ಜಿ ಸೂಜಿ ಕೇಳುವುದಿಲ್ಲ.

ಈ ಕೆಲಸದಲ್ಲೇ ಬೆನ್ನು ಸವೆಸಿದವರು ಹೊಸಬರಿಗೆ ಕಲಿಸಲಿ, ಪರೀಕ್ಷೆ ಬೆಡ್ಡಿನ ಪಕ್ಕದಲ್ಲೇ ನಡೆಯಲಿ. ಮೊದಲ ಪರೀಕ್ಷೆಗೆ ಬೊಂಬೆ ಬೇಡ, ನೀವೇ ಬಂದು ಮಲಗಿ. ಎಂಟನೇ ಬೆಡ್ಡು ಖಾಲಿಯಿದೆ. ಎಡಗೈ ಕಟ್ಟಿಸಿಕೊಂಡು, ಒಂದಿಡೀ ದಿನ, ಏಳಬೇಕೆಂದರೂ ಕೂರಬೇಕೆಂದರೂ ಕರೆದು ಕಾಯಿರಿ. ಹೆದರಬೇಡಿ, ನಿಮ್ಮನ್ನು ಎತ್ತುವವಳು ನಾನಲ್ಲ, ನನಗೆ ಅರ್ಹತೆಯಿಲ್ಲ. ನೀವೇ ಸಹಿ ಹಾಕಿ ಕಳಿಸಿದವರು ಎತ್ತುತ್ತಾರೆ. ನಾನು ಕೋಲು ಹಿಡಿದು ಬಾಗಿಲಲ್ಲೇ ನಿಂತಿರುತ್ತೇನೆ.

ಈ ಸಲ ಕೂಗುವುದಿಲ್ಲ.

ಇಂತಿ,
ಎಂಟಕ್ಕೇ ನಿಂತ, ಅಂಗಿಗೆ ಇಂದಿಗೂ ಒಂದು ಗುಂಡಿ ಕಡಿಮೆಯಿರುವ,
ನೆಲ ಒರೆಸುವವಳು