ಬಲಗೋಡೆಯ ಬುತ್ತಿ

ಕಿಂಡಿ ವರ್ಷ ನೂರಾ ಐವತ್ತೊಂದು, ಚೈತ್ರ ಮಾಸ
ಕಟ್ಟಿ ಓಣಿ, ಬೆಟಗೇರಿ

ಸಾವಂತ್ರೆವ್ವನಿಗೆ, ಅವಳದೇ ಮನೆಯಿಂದ ಶ್ರಾವ್ಯ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಹೌಹಾರಬೇಡ. ನಿನ್ನ ಗೋಡೆಯ ಕ್ಯಾಲೆಂಡರಿನ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರಾ ಎಪ್ಪತ್ತೊಂದನೆಯ ಇಸವಿ. ನಮ್ಮ ಓಣಿಯವರು ಮಾತ್ರ ನಿನ್ನ ಬಲಗೋಡೆಗೆ ಮೊದಲ ಕಿಂಡಿ ಕೊರೆದ ವರ್ಷದಿಂದ ಎಣಿಸುತ್ತೇವೆ. ಆ ಕಿಂಡಿ ನಿನಗೆ ಗೊತ್ತಿಲ್ಲ, ಅದು ನಿನ್ನ ನಂತರದ್ದು. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೋ. ನಮ್ಮ ಕಾಲದಲ್ಲಿ ಕೈಯಿಂದ ಬರೆಯುವವರು ಕಡಿಮೆ. ಇದು ಹಳೆಯ ಪುಸ್ತಕಗಳನ್ನು ನೋಡಿ ಕಲಿತ ಬರವಣಿಗೆ. ನಡುವೆ ನಮ್ಮ ಪದಗಳು ನುಸುಳಿದರೆ ಅಲ್ಲಲ್ಲೇ ಅರ್ಥ ಹೇಳುತ್ತೇನೆ. ವಯಸ್ಸಿನಲ್ಲಿ ನಾನು ನಿನಗಿಂತ ಹತ್ತು ವರ್ಷ ಹಿರಿಯಳು, ಹುಟ್ಟಿದ ಲೆಕ್ಕದಲ್ಲಿ ನಿನ್ನ ಮರಿಮಗಳ ಮಗಳಾಗಬೇಕು. ನೀವು ಎನ್ನಲೋ ನೀನು ಎನ್ನಲೋ ಎಂದು ಒದ್ದಾಡಿ, ಅವ್ವನಿಗೆ ಯಾರೂ ನೀವು ಅನ್ನುವುದಿಲ್ಲವೆಂದು ನೀನು ಎಂದೇ ಬರೆಯುತ್ತಿದ್ದೇನೆ.

ಈ ಕಾಗದ ನಿನಗೆ ನಿನ್ನ ಗಂಡ ಹೋದ ಎರಡನೆಯ ದಿನ ಮಧ್ಯಾಹ್ನದೊಳಗೆ ಸಿಗಬೇಕು. ಆಮೇಲೆ ಸಿಕ್ಕರೆ ಪ್ರಯೋಜನವಿಲ್ಲ. ನೀನು ಈಗ ಆರಿದ ಒಲೆಯ ಮುಂದೆ ಗೋಡೆಗೊರಗಿ ಕುಳಿತಿರುತ್ತೀ. ನಾನೂ ಅದೇ ಗೋಡೆಗೊರಗಿದ್ದೇನೆ, ನನ್ನ ಒಲೆಯೂ ಆರಿದೆ. ನಿನ್ನ ಗಂಡ ದ್ಯಾಮಣ್ಣ ಹೋದಂತೆ ನನ್ನ ತಂಗಿ ಸಿಂಚನಾ ಮೊನ್ನೆ ಬೆಳಿಗ್ಗೆ ಹೋದಳು. ಅರುವತ್ತು ವರ್ಷ ಒಂದೇ ಮನೆಯಲ್ಲಿ ಬದುಕಿದವರು ನಾವು. ಅವಳು ಹುಟ್ಟುವ ಮೊದಲಿನ ನನ್ನ ಬದುಕು ನನಗೆ ನೆನಪೇ ಇಲ್ಲ, ಅವಳ ನಂತರದ್ದು ಬೇಕಾಗಿಯೂ ಇಲ್ಲ.

ನಿನ್ನ ಕಥೆ ನಮ್ಮ ಓಣಿಯ ಮಕ್ಕಳಿಗೆಲ್ಲ ಬಾಯಿಪಾಠ. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚಬಾರದು, ಬಲಗೋಡೆಯ ಮನೆಯವರು ಬುತ್ತಿ ತರಬೇಕು, ಮೊದಲ ತುತ್ತು ಅವರ ಕೈಯಿಂದಲೇ ಬರಬೇಕು ಎಂಬುದು ನಿನ್ನ ಕಾಲಕ್ಕೇ ಹಳೆಯ ಪದ್ಧತಿ. ಬಲಗೋಡೆಯವರನ್ನು ದಾಟಿ ಬೇರೆಯವರು ತಂದರೆ ಆ ಬಲಗೋಡೆಯವರನ್ನೇ ಹೊಸ್ತಿಲಲ್ಲಿ ನಿಲ್ಲಿಸಿ ಬೈದಂತೆ. ಸಾವಿನ ಮನೆಯವರು ಬಾಯಿಬಿಟ್ಟು ಕೇಳಬಾರದು. ತಾವೇ ಒಲೆ ಹಚ್ಚಿಕೊಂಡರಂತೂ ತಮಗೆ ಯಾರೂ ಇಲ್ಲವೆಂದು ಊರಿಗೆ ಡಂಗುರ ಹೊಡೆದ ಹಾಗೆ. ಒಳ್ಳೆಯ ಪದ್ಧತಿಯೇ. ಬಾಗಿಲು ತೆರೆದಿರುವ ಓಣಿಗೆ ಹೇಳಿ ಮಾಡಿಸಿದಂಥದು.

ಆದರೆ ನಿನ್ನ ಆ ಚೈತ್ರದಲ್ಲಿ ಅಂಟುಜಡ್ಡಿನ ಅಂಜಿಕೆಗೆ ಬಾಗಿಲುಗಳೆಲ್ಲ ಮುಚ್ಚಿದವು. ನೂಲು ಬರುವುದು ನಿಂತು ಮಗ್ಗಗಳು ಸುಮ್ಮನಾದವು. ಓಣಿಯ ಬಾಯಿಗೆ ಬಿದಿರು ಗಳ ಕಟ್ಟಿದರು. ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದವರು ಕಿಟಕಿಯ ಸಂದಿಯಿಂದ ನೋಡತೊಡಗಿದರು. ಯುಗಾದಿಯ ಬೇವು-ಬೆಲ್ಲವನ್ನು ಆ ವರ್ಷ ಯಾರೂ ಯಾರ ಮನೆಗೂ ಒಯ್ಯಲಿಲ್ಲವಂತೆ. ನಿನ್ನ ಬಲಗೋಡೆಯ ಬಸಲಿಂಗವ್ವ ಹಬ್ಬಕ್ಕೆ ಮೊದಲೇ ಮಗಳ ಬಾಣಂತನಕ್ಕೆಂದು ಹೊಂಬಳಕ್ಕೆ ಹೋಗಿ, ಬಸ್ಸು ನಿಂತು, ಅಲ್ಲೇ ಸಿಕ್ಕಿಬಿದ್ದಳು. ಮೊಬೈಲು ಮುಟ್ಟದ ಹೆಂಗಸು. ಮುಂಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ ಹಿತ್ತಲಿಗೆ ಬೀಗ ಹಾಕಿ ಹೋಗಿದ್ದಳು. ಬೇರೆ ಯಾವ ವರ್ಷವಾಗಿದ್ದರೂ ಮುಚ್ಚಿದ ಒಂದು ಬಾಗಿಲು ಓಣಿಗೆಲ್ಲ ಕಾಣುತ್ತಿತ್ತು. ಎಲ್ಲ ಬಾಗಿಲೂ ಮುಚ್ಚಿರುವಾಗ ಯಾರು ಒಳಗಿದ್ದಾರೆ, ಯಾರು ಇಲ್ಲ ಎಂದು ತಿಳಿಯುವುದು ಹೇಗೆ?

ದ್ಯಾಮಣ್ಣನನ್ನು ಆಸ್ಪತ್ರೆಗೆ ಒಯ್ದರು, ಮರಳಿ ತರಲಿಲ್ಲ. ನಿನ್ನ ಬಾಗಿಲಿಗೆ ಪಟ್ಟಿ ಅಂಟಿಸಿದರು. ಓಣಿಯ ಪ್ರತಿ ಮನೆಯಲ್ಲೂ ಅವತ್ತು ಅತ್ತರು, ಅದರಲ್ಲಿ ಸುಳ್ಳಿಲ್ಲ. ಬಸಲಿಂಗವ್ವ ಹೇಗೂ ಬುತ್ತಿ ಕೊಟ್ಟಿರುತ್ತಾಳೆ, ನಾವು ನಡುವೆ ತಲೆಹಾಕಬಾರದು ಎಂದುಕೊಂಡರು. ಅಂಜಿಕೆಗೆ ಅದೊಂದು ಒಳ್ಳೆಯ ನೆಪವೂ ಆಯಿತೆಂದು ನಾನು ಹೇಳುತ್ತೇನೆ. ಓಣಿಯ ಹಿರಿಯರು ಈ ಮಾತಿಗೆ ನನ್ನನ್ನು ಬೈಯುತ್ತಾರೆ, ಬೈಯಲಿ. ಗೋಡೆಯಾಚೆ ಬಸಲಿಂಗವ್ವ ಇಲ್ಲವೆಂದು ಗೊತ್ತಿದ್ದವಳು ನೀನೊಬ್ಬಳೇ. ಎರಡನೆಯ ದಿನ ಮಧ್ಯಾಹ್ನ ಎದುರು ಮನೆಯ ಶಿವಗಂಗವ್ವ ನಿನಗೆ ಫೋನು ಮಾಡಿದಳು. ಆ ಮಾತನ್ನು ಆಕೆ ಸಾಯುವತನಕ ಹೇಳಿಕೊಂಡು ಅತ್ತಳಂತೆ.

"ಊಟಾತೇನ್ರಿ ಅಕ್ಕಾರ?"

"ಆತವಾ."

ಇಷ್ಟೇ. ಕೇಳಿದವಳ ಮನಸ್ಸು ಹಗುರಾಯಿತು. ನೀನು ಹಸಿದ ಹೊಟ್ಟೆಯಲ್ಲಿ ಓಣಿಯ ಮಾನ ಕಾಯ್ದೆ. ಇಲ್ಲವೆಂದರೆ ಕೇಳಿದಂತಾಗುತ್ತದೆ, ಬಸಲಿಂಗವ್ವನ ಮರ್ಯಾದೆ ಹೋಗುತ್ತದೆ, ಒಲೆ ಹಚ್ಚಿದರೆ ಎಲ್ಲರ ಮುಖಕ್ಕೂ ಮಸಿ ಎಂದುಕೊಂಡೆ. ಇದನ್ನು ನಿನಗೆ ಹೇಳಬಾರದು, ಆದರೆ ಹೇಳದಿದ್ದರೆ ಕಾಗದ ಬರೆದದ್ದೇ ದಂಡ. ಮೂರನೆಯ ದಿನ ಬೆಳಿಗ್ಗೆ ನೀನು ದಿನದಂತೆ ಶುಗರಿನ ಗುಳಿಗೆ ನುಂಗುತ್ತೀ. ತಪ್ಪಿಸಬೇಡವೆಂದು ದ್ಯಾಮಣ್ಣ ಹೇಳಿ ಹೋಗಿದ್ದನಲ್ಲ. ಹೊಟ್ಟೆಯಲ್ಲಿ ಅನ್ನವಿಲ್ಲದಾಗ ಆ ಗುಳಿಗೆ ಮೈಯೊಳಗಿನ ಶಕ್ತಿಯನ್ನೆಲ್ಲ ಬಸಿದುಬಿಡುತ್ತದೆ. ಆಮೇಲೆ ನೀನು ಏಳುವುದಿಲ್ಲ, ಅವ್ವಾ.

ಅದೇ ದಿನ ಹೊತ್ತೇರುವಾಗ ಬಸಲಿಂಗವ್ವ ಬಂದಳು. ಹಾಲು ಹಾಕುವವನಿಂದ ಸುದ್ದಿ ತಿಳಿದು, ಹೊಲದ ಬದುಗಳ ಮೇಲೆ ಪೊಲೀಸರ ಕಣ್ಣು ತಪ್ಪಿಸಿ, ರೊಟ್ಟಿ ಮತ್ತು ಝುಣಕದ ಗಂಟು ಕಟ್ಟಿಕೊಂಡು ನಡೆದೇ ಬಂದಿದ್ದಳು. ಬಾಗಿಲು ತಟ್ಟಿ, ಕೂಗಿ, ಪಟ್ಟಿ ಹರಿದು ಒಳಗೆ ಹೋದಳು. ಹೊರಗೆ ಬಂದು ಓಣಿಯ ನಡುವೆ ನಿಂತು, ಮುಚ್ಚಿದ ಬಾಗಿಲುಗಳ ಕಡೆ ತಿರುಗಿ, ದನಿ ಏರಿಸದೆ ಕೇಳಿದಳಂತೆ:

"ನಾ ಇದ್ದಿಲ್ಲಂದ್ರ ನೀವ್ ಯಾರೂ ಇದ್ದಿಲ್ಲೇನು?"

ಒಂದು ಬಾಗಿಲೂ ತೆರೆಯಲಿಲ್ಲ. ನಾಚಿಕೆಯಾದವರು ಬಾಗಿಲು ತೆರೆಯುವುದಿಲ್ಲ. ಆಕೆ ಮನೆಗೆ ಹೋಗಿ ಹಾರೆ ತಂದು, ನಿನ್ನ ಮನೆಗೂ ತನ್ನ ಮನೆಗೂ ನಡುವಿನ ಗೋಡೆಯನ್ನು ತಟ್ಟೆ ಹಿಡಿಯುವಷ್ಟು ಒಡೆದಳು. ಅದೇ ಬುತ್ತಿಕಿಂಡಿ. ಜಡ್ಡಿನ ಗಾಳಿ ಹಾಯಬಾರದೆಂದು ಆಮೇಲೆ ಆ ಕಡೆ ಒಂದು, ಈ ಕಡೆ ಒಂದು ಮರದ ಮುಚ್ಚಳ ಕೂಡಿಸಿದರು. ಒಬ್ಬರು ಬುತ್ತಿ ಇಟ್ಟು ಮುಚ್ಚಿ, ಗೋಡೆ ತಟ್ಟಿ ದೂರ ಸರಿಯಬೇಕು, ಆಮೇಲೆ ಇನ್ನೊಬ್ಬರು ತೆರೆಯಬೇಕು. ವರ್ಷ ತುಂಬುವುದರೊಳಗೆ ಓಣಿಯ ಎಲ್ಲ ಗೋಡೆಗಳಿಗೂ ಕಿಂಡಿ ಬಂತು. ಮನೆಗಳನ್ನು ಎಷ್ಟೋ ಸಲ ಕೆಡವಿ ಕಟ್ಟಿದ್ದೇವೆ, ಕಿಂಡಿಯಿಲ್ಲದ ಗೋಡೆ ಮಾತ್ರ ಎಬ್ಬಿಸಿಲ್ಲ. ಇನ್ನೊಂದು ಮಾತು: ನಮ್ಮ ಓಣಿಯಲ್ಲಿ ಊಟವಾಯಿತೇ ಎಂದು ಕೇಳುವುದು ಬೈಗುಳಕ್ಕೆ ಸಮ. ಉಣ್ಣು ಬಾ ಎನ್ನಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡಿರಬೇಕು. ಬೀಗರು ಬಂದವರು ಗೊತ್ತಿಲ್ಲದೆ ಕೇಳಿ ಮುಖ ಸಣ್ಣದು ಮಾಡಿಕೊಂಡು ಹೋದದ್ದಿದೆ.

ನಮ್ಮ ದಿನಗಳ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ. ಬಿಸಿಲು ನಿನ್ನ ಕಾಲದ್ದಕ್ಕಿಂತ ಕ್ರೂರ. ಮಧ್ಯಾಹ್ನವೆಲ್ಲ ಮಲಗಿ, ನಸುಕಿನಲ್ಲೂ ಸಂಜೆಯಲ್ಲೂ ದುಡಿಯುತ್ತೇವೆ. ಒಲೆ ಎಂದರೆ ಈಗ ಬಿಸಿಕಲ್ಲು, ಅಂದರೆ ಮಾಳಿಗೆಯ ಮೇಲೆ ಬಿಸಿಲು ಕುಡಿಸಿ ತಂದಿಟ್ಟುಕೊಳ್ಳುವ ಕರಿಯ ಹಾಸು. ಆದರೂ ಒಲೆ ಹಚ್ಚುವುದು ಎಂದೇ ಅನ್ನುತ್ತೇವೆ. ಮಗ್ಗಗಳಿವೆ. ಸೀರೆ ಉಡುವವರು ಕಡಿಮೆಯಾದರೂ ಉಸಿರುಬಟ್ಟೆ, ಅಂದರೆ ಧೂಳಿನ ಕಾಲದಲ್ಲಿ ಮುಖಕ್ಕೆ ಕಟ್ಟುವ ಬಟ್ಟೆ, ಕೈಮಗ್ಗದ್ದೇ ಆಗಬೇಕು. ಜೋಳದ ರೊಟ್ಟಿ ಬಡಿಯುವ ಸದ್ದು ಒಂದಿಷ್ಟೂ ಬದಲಾಗಿಲ್ಲ. ಸಂಜೆಯಾದರೆ ಸಂಜೆಗುದ್ದು ನಡೆಯುತ್ತದೆ: ಓಣಿಯ ತುದಿಮನೆಯವರು ಗೋಡೆಗೆ ಮೂರು ಸಲ ಗುದ್ದುತ್ತಾರೆ, ಪಕ್ಕದವರು ಮುಂದಿನ ಗೋಡೆಗೆ, ಹೀಗೆ ಗುದ್ದು ಓಣಿಯ ಉದ್ದಕ್ಕೂ ಹೋಗಿ ಮರಳಿ ಬರುತ್ತದೆ. ಎಲ್ಲರೂ ಇದ್ದೇವೆ ಎಂದು ಅರ್ಥ. ಸಿಂಚನಾಳಿಗೆ ಅದೆಂದರೆ ಪ್ರಾಣ. ನಾನು ಒಂದು ಗಳಿಗೆ ತಡಮಾಡಿದರೆ ಗೋಡೆಗೆ ಕಿವುಡಿಯನ್ನು ಕಟ್ಟಿದ್ದಾರೆಂದು ಹಂಗಿಸುತ್ತಿದ್ದಳು.

ಮಾಘದಲ್ಲಿ ಮೂಕಜ್ವರ ಬಂತು. ಮೊದಲ ದಿನವೇ ದನಿಯನ್ನು ಒಯ್ಯುವ ಜ್ವರವಾದ್ದರಿಂದ ಆ ಹೆಸರು. ಶುರುವಿನಲ್ಲಿ ನಮಗೆ ಎಂಥ ಹುರುಪು ಗೊತ್ತೇ? ನೀವು ತಾಟು ಬಡಿದಿರಂತಲ್ಲ, ನಾವು ಮಗ್ಗ ಬಡಿದೆವು. ಬಾಗಿಲು ಹಾಕಿಕೊಂಡೇ ಓಣಿಯವರೆಲ್ಲ ಒಂದೇ ಲಯದಲ್ಲಿ ನೇಯ್ದೆವು. ಹಿಟ್ಟನ್ನು ಮಾಳಿಗೆಯಿಂದ ಮಾಳಿಗೆಗೆ ಹಗ್ಗದಲ್ಲಿ ದಾಟಿಸಿದೆವು. ಮಕ್ಕಳಿಗೆ ಮಗ್ಗಿಯನ್ನು ಗೋಡೆ ತಟ್ಟಿ ಕಲಿಸಿದೆವು. ಸಾವಂತ್ರೆವ್ವನ ಓಣಿ ನಮ್ಮದು, ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಬೇರೆ. ಫಾಲ್ಗುಣದಲ್ಲಿ ತಡೆದಳದವರು ಬಂದರು. ಅಂಟುಜಾಡ್ಯ ತಡೆಯುವ ಸರಕಾರಿ ಮಂದಿ, ಕೆಟ್ಟವರೇನಲ್ಲ, ದಣಿದಿದ್ದರು. ಎರಡು ಮುಚ್ಚಳವಿದೆಯೆಂದು ಎಷ್ಟು ಹೇಳಿದರೂ ಕಿಂಡಿಗಳಿಗೆಲ್ಲ ಅರಗು ಸುರಿದು ಮುದ್ರೆ ಒತ್ತಿದರು. ಆಮೇಲೆ ಸಂಜೆಗುದ್ದು ಸಣ್ಣಗಾಯಿತು. ಒಂದು ಮನೆಯವರು ಮರೆತರು, ಇನ್ನೊಂದು ಮನೆಯವರು ಮಲಗಿದ್ದರು, ಮತ್ತೊಂದರಲ್ಲಿ ಜ್ವರ. ಗುದ್ದು ಅರ್ಧ ಓಣಿಗೇ ನಿಲ್ಲತೊಡಗಿತು. ಒಂದು ದಿನ ಹೊರಡಲೇ ಇಲ್ಲ. ನಾವೂ ಯಾಕೆಂದು ವಿಚಾರಿಸಲಿಲ್ಲ.

ಸಿಂಚನಾಳ ದನಿ ಹೋದ ದಿನ ಅವಳು ನಕ್ಕಳು. ಇನ್ನು ನಿನ್ನ ಕಾರುಬಾರು ನಡೆಯಲಿ ಎನ್ನುವಂತೆ ಕೈ ತಿರುಗಿಸಿದಳು. ಆಮೇಲಿನ ದಿನಗಳಲ್ಲಿ ನೀರು ಬೇಕಾದರೆ ಮಂಚದ ಕಾಲಿಗೆ ತಟ್ಟುತ್ತಿದ್ದಳು. ಕೊನೆಯ ಬೆಳಗ್ಗೆ ಮೂರು ಸಲ ತಟ್ಟಿದಳು, ಸಂಜೆಗುದ್ದಿನ ಹಾಗೆ. ನಾನು ನೀರು ತಂದೆ. ಅವಳಿಗೆ ನೀರು ಬೇಕಾಗಿರಲಿಲ್ಲ. ಮರಳಿ ತಟ್ಟಬೇಕಿತ್ತು ಎಂದು ನನಗೆ ಹೊಳೆಯುವಷ್ಟರಲ್ಲಿ ಕೈ ತಣ್ಣಗಾಗಿತ್ತು. ತಡೆದಳದವರು ಒಯ್ದರು, ಬಾಗಿಲಿಗೆ ಹೊರಗಿನಿಂದ ಮುದ್ರೆ ಹಾಕಿದರು.

ಮೂರು ದಿನವಾಯಿತು. ನನಗೆ ಯಾರೂ ಬುತ್ತಿ ತಂದಿಲ್ಲ. ನನ್ನ ಬಲಗೋಡೆಯ ಮನೆಯವರನ್ನು ಹಿಂದಿನ ವಾರವೇ ಊರಾಚೆಯ ಹೊರಬೀಡಿಗೆ, ಅಂದರೆ ಜ್ವರದವರನ್ನು ಇಡುವ ಬಿಡಾರಕ್ಕೆ, ಒಯ್ದದ್ದು ಓಣಿಗೆ ಗೊತ್ತಿಲ್ಲ. ಅವರು ಕೊಟ್ಟಿರುತ್ತಾರೆಂದು ಎಲ್ಲರೂ ತಿಳಿದಿದ್ದಾರೆ. ನೂರಾ ಐವತ್ತೊಂದು ವರ್ಷ ನಿನ್ನ ಕಥೆ ಹೇಳಿದ ಓಣಿಯಿದು! ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನೂ ನಿನ್ನ ಹಾಗೆಯೇ ಸುಮ್ಮನೆ ಕುಳಿತೆ. ಬಾಯಿಬಿಟ್ಟು ಕೇಳಲು ನಾಲಗೆ ಏಳಲಿಲ್ಲ, ಒಲೆಯತ್ತ ಕೈ ಹೋಗಲಿಲ್ಲ. ಸತ್ತರೆ ಸಿಂಚನಾಳ ಹತ್ತಿರ ಹೋದೇನು ಎಂದೂ ಅನ್ನಿಸಿತು. ನಿನ್ನಿಂದ ಏನನ್ನು ಮುಚ್ಚಿಡಲಿ?

ಇವತ್ತು ನಸುಕಿನಲ್ಲಿ ಎಡಗೋಡೆಯಾಚೆಯಿಂದ ನಿಹಾಲಣ್ಣ ಅಳುವುದು ಕೇಳಿಸಿತು. ನಿನ್ನ ಕಾಲದಲ್ಲಿ ತೊಟ್ಟಿಲ ಕೂಸುಗಳಿಗೆ ಇಡುತ್ತಿದ್ದ ಹೆಸರುಗಳೆಲ್ಲ ನಮ್ಮ ಮುದುಕ ಮುದುಕಿಯರವು. ಅವನಿಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅವನ ಮಗ್ಗದ ಸದ್ದಿಗೆ ಸಿಂಚನಾಳ ನಿದ್ದೆ ಕೆಡುತ್ತದೆಂದು ಜಗಳ ತೆಗೆದು ಏಳೆಂಟು ವರ್ಷಗಳಿಂದ ಮಾತು ಬಿಟ್ಟಿದ್ದೇವೆ. ಅಳು ನಿಂತ ಮೇಲೆ ಬಾಗಿಲಿಗೆ ಮುದ್ರೆ ಒತ್ತುವ ಸದ್ದು ಬಂತು. ಅವನ ಹೆಂಡತಿ ಅಮೂಲ್ಯಕ್ಕ ಹೋದಳೆಂದು ತಿಳಿಯಿತು. ಅವನ ಬಲಗೋಡೆ ನಾನು. ಓಣಿಯವರೆಲ್ಲ ಶ್ರಾವ್ಯ ಕೊಟ್ಟಿರುತ್ತಾಳೆ ಎಂದುಕೊಂಡು ಕೂತಿರುತ್ತಾರೆ. ಅವನೋ ನಿನ್ನಂಥವನೇ, ಕೇಳುವ ಕುಲವಲ್ಲ.

ಸಾವಿನ ಮನೆಯ ಒಲೆ ಹಚ್ಚಬಾರದು, ಬಲಗೋಡೆಯವರು ಬುತ್ತಿ ಕೊಡದೆ ಇರಬಾರದು. ಎರಡೂ ಒಬ್ಬಳ ತಲೆಗೇ ಬಂದರೆ ಏನು ಮಾಡಬೇಕೆಂದು ಹಿರಿಯರು ಹೇಳಿ ಹೋಗಿಲ್ಲ. ತುಸು ಹೊತ್ತು ಹಿಟ್ಟಿನ ಡಬ್ಬಿ ನೋಡುತ್ತ ಕುಳಿತೆ. ಆಮೇಲೆ ಈ ಕಾಗದವನ್ನು ಪಕ್ಕಕ್ಕಿಟ್ಟು ಎದ್ದು ಒಲೆ ಹಚ್ಚಿದೆ.

ರೊಟ್ಟಿ ಬಡಿಯುವಾಗ ಅಂಚು ಹರಿಯಿತು. ಸಿಂಚನಾ ನೋಡಿದ್ದರೆ ಇದು ರೊಟ್ಟಿಯೋ ಭೂಪಟವೋ ಎನ್ನುತ್ತಿದ್ದಳು. ಎಡಗೋಡೆಯ ಕಿಂಡಿಯ ಅರಗನ್ನು ಚೂರಿಯಿಂದ ಕೆತ್ತಿ ತೆಗೆದೆ. ಉಸಿರುಬಟ್ಟೆ ಕಟ್ಟಿಕೊಂಡು, ರೊಟ್ಟಿಯ ಮೇಲೆ ಝುಣಕ ಹಾಕಿ ಇಟ್ಟು, ಮುಚ್ಚಿ, ಗೋಡೆಗೆ ಮೂರು ಸಲ ಗುದ್ದಿ ದೂರ ಸರಿದು ಕುಳಿತೆ. ಆಮೇಲೆ ಆ ಕಡೆ ಅರಗು ಕೆತ್ತುವ ಸದ್ದು. ಮುಚ್ಚಳ ತೆರೆದು ಮುಚ್ಚಿದ ಸದ್ದು. ಮತ್ತೆ ಗೋಡೆಗೆ ಮೂರು ಗುದ್ದು ಬಂದವು.

ಹೋಗಿ ತೆರೆದೆ. ತಟ್ಟೆಯಲ್ಲಿ ಅರ್ಧ ರೊಟ್ಟಿ ಇತ್ತು. ಮುರಿದು, ಅದರ ಪಾಲಿನ ಝುಣಕವನ್ನೂ ಬಿಟ್ಟು, ನನ್ನ ಕಡೆಗೆ ಸರಿಸಿದ್ದ. ನನ್ನ ಬಲಗೋಡೆ ಬರಿದಾಗಿರುವುದು ಅವನಿಗೆ ಹೇಗೆ ತಿಳಿಯಿತೋ. ನಾನೇ ಮಾಡಿದ ರೊಟ್ಟಿ, ಆದರೂ ಬೇರೆಯವರ ಕೈಯಿಂದ ಬಂದ ತುತ್ತು. ಸಿಂಚನಾ ಹೋದ ಮೇಲೆ ನಾನು ಅತ್ತಿರಲಿಲ್ಲ. ಆ ಅರ್ಧ ರೊಟ್ಟಿಯನ್ನು ಹಿಡಿದುಕೊಂಡು ಗೋಡೆಯ ಬುಡದಲ್ಲಿ ಕುಳಿತು ಅತ್ತೆ, ಅಳುತ್ತಲೇ ಉಂಡೆ.

ಈ ಕಾಗದ ನಿನಗೆ ತಲುಪುವುದಿಲ್ಲ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಆದರೂ ಬುತ್ತಿಯ ಹಾಗೆಯೇ ಇದನ್ನೂ ಮಡಚಿ, ನಿನ್ನ ಬಲಗೋಡೆಯ ಕಿಂಡಿಯ ಮೇಲಿಡುತ್ತೇನೆ. ಒಂದು ವೇಳೆ ಸಿಕ್ಕರೆ, ಒಲೆ ಹಚ್ಚುವುದು ನಿನ್ನಿಂದ ಆಗದಿದ್ದರೆ ಬೇಡ. ಓಣಿಯವರನ್ನು ಕೂಗಿ ಕರೆಯುವುದೂ ಬೇಡ. ಇವತ್ತು ಮಧ್ಯಾಹ್ನ ಶಿವಗಂಗವ್ವ ಫೋನು ಮಾಡುತ್ತಾಳೆ, ಊಟವಾಯಿತೇ ಎಂದು ಕೇಳುತ್ತಾಳೆ. ಅಂಜಿದ್ದಾಳೆ, ಆದರೆ ಕೆಟ್ಟವಳಲ್ಲ. ಬಾಗಿಲಾಚೆ ನಿಂತಿದ್ದಾಳೆ, ನಿನ್ನ ಒಂದು ಮಾತಿಗೆ ತೆರೆದುಕೊಂಡು ಬರುತ್ತಾಳೆ. ನಮಗೆ ಕಿಂಡಿ ಇಲ್ಲದಿದ್ದರೂ ನಡೆಯುತ್ತದೆ, ಹೇಳಲು ನಿನ್ನ ಕಥೆ ಇಲ್ಲದಿದ್ದರೂ ನಡೆಯುತ್ತದೆ. ಓಣಿಯ ಮಾನ ಹೋದರೆ ಹೋಗಲಿ.

ಇಲ್ಲವಾ, ಇನ್ನಾ ಉಂಡಿಲ್ಲ ಅನ್ನು.