ಅಮ್ಮನ ಪಾತ್ರದ ನೋಟ್‌ಬುಕ್ಕು

ಮಾರ್ಚ್ ೯, ಭಾನುವಾರ

ಮುಂದಿನ ಸಾಲಿನ ಮಹನೀಯರೇ, ಹಿಂದೆ ನಿಂತಿರುವ ಮಹಾಜನರೇ, ಪರದೆ ಏಳುತ್ತಿದೆ, ಸದ್ದು ಮಾಡದಿರಿ!

ಅಂದರೆ ಮಗಳೇ, ನನ್ನ ಚಿನಕುರುಳಿಯೇ, ಆ ಸಭೆಯೆಲ್ಲ ನೀನೊಬ್ಬಳೇ. ಆಶೀರ್ವಾದಗಳು. ನಿನ್ನ ಕಾದಂಬರಿ ಕೈಸೇರಿ ಆರು ವಾರವಾದರೂ ಒಂದು ಸಾಲು ಬರೆಯಲಿಲ್ಲ, ಈ ಮುದಿ ನಟನನ್ನು ಕ್ಷಮಿಸು. "ಅಪ್ಪಾ, ಹೊಗಳಬೇಡಿ, ನಿಜ ಹೇಳಿ" ಎಂದು ಬರೆದಿದ್ದೆಯಲ್ಲ, ಆ ನಿಜ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ನಿರಾಸೆಯಾಯಿತು, ತಾಯಿ. ಅಪ್ಪ, ಅಮ್ಮ, ಅಣ್ಣ, ತಂಗಿ ವಿದೇಶ ಪ್ರವಾಸ ಹೋಗುತ್ತಾರೆ. ಹತ್ತು ವರ್ಷದ ಹಿಂದೆ ನಾವು ಹೋದದ್ದೇ ಎಂದು ಮೊದಲ ಪುಟದಲ್ಲೇ ಗೊತ್ತಾಯಿತು ಬಿಡು. ಆದರೆ ಇನ್ನೂರು ಪುಟ ಹೋಟೆಲು, ಬಸ್ಸು, ಸೇತುವೆ, ಫೋಟೋ, ಮತ್ತೆ ಹೋಟೆಲು! ನಾನು ಗಟ್ಟಿಯಾಗಿ ಓದುತ್ತಿದ್ದರೆ ನಮ್ಮ ನಾಟಕ ಕಂಪನಿಯಲ್ಲಿ ಮುಖಕ್ಕೆ ಬಣ್ಣ ಹಚ್ಚುವ ಮಾಸ್ತರ ಆಕಳಿಸಿ, "ಏನಯ್ಯಾ, ಐದನೇ ಅಧ್ಯಾಯದಲ್ಲೂ ಇವರು ತಿಂಡಿನೇ ತಿಂತಿದಾರಾ? ಒಂದು ಜಗಳನಾದ್ರೂ ಆಡ್ಬಾರ್ದಾ?" ಎಂದ.

ನನಗೆ ಕುತೂಹಲ ಕೆರಳಿತು. ಬರೆಯಲು ಬಲ್ಲ ಹುಡುಗಿ ನೀನು. ಹಾಗಾದರೆ ಎಲ್ಲಿ ಕೆಟ್ಟಿತು? ಕಂಪನಿಗೆ ಹೊಸ ನಾಟಕ ಬಂದರೆ ಒಂದೊಂದು ಪಾತ್ರದ ಮಾತನ್ನೂ ಒಂದೊಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆವಲ್ಲ, ಹಾಗೆಯೇ ಮಾಡಿದೆ. ಅಣ್ಣನಿಗೆ ಹನ್ನೆರಡು ಪುಟ ಬಂತು, ತಂಗಿಗೆ ಹದಿನೈದು. ಅಪ್ಪನ ನೋಟ್‌ಬುಕ್ಕು ತುಂಬಿ ಇನ್ನೊಂದು ಬೇಕಾಯಿತು; ಗೈಡಿಗೇ ಇತಿಹಾಸ ಹೇಳಿಕೊಡುವ ಮಹಾಶಯ ಅವನು! ಅಮ್ಮನದು? ಖಾಲಿ. ಪಾಸ್‌ಪೋರ್ಟು ಕಾಯುತ್ತಾಳೆ, ಫೋಟೋ ತೆಗೆಯುತ್ತಾಳೆ, ಎಲ್ಲರ ಕೋಟಿಗೂ ಗುಂಡಿ ಹಾಕುತ್ತಾಳೆ. ಒಂದು ಮಾತಿಲ್ಲ.

ಸಿಕ್ಕಿತು ತಪ್ಪು ಎಂದು ಹಿಗ್ಗಿ ಅಡುಗೆಮನೆಗೆ ನುಗ್ಗಿದೆ. "ನೋಡೇ, ನಿನ್ನ ಮಗಳು ನಿನಗೆ ಒಂದು ಮಾತೂ ಕೊಟ್ಟಿಲ್ಲ!"

ನಿನ್ನಮ್ಮ ಖಾಲಿ ಹಾಳೆಗಳನ್ನು ತಿರುವಿ, "ಇದ್ದಿದ್ದೇ ಬರ್ದಿದಾಳೆ ರೀ. ನಿಮ್ಮ ಮಾತಿನ ಮಧ್ಯೆ ನಂಗೆ ಮಾತಾಡಕ್ಕೆ ಜಾಗ ಎಲ್ಲಿತ್ತು?" ಎಂದು ನಕ್ಕಳು.

ಐವತ್ತು ವರ್ಷ ರಂಗದ ಮೇಲೆ ಮಾತಾಡಿದವನು ಆ ಖಾಲಿ ನೋಟ್‌ಬುಕ್ಕು ಎತ್ತಿಕೊಂಡು ಹೊರಬಂದೆ. ಆದರೂ ಪುಸ್ತಕ ಸಪ್ಪೆ ಎಂಬ ಮಾತನ್ನು ಹಿಂದಕ್ಕೆ ಪಡೆಯಲಾರೆ, ಸಪ್ಪೆಯೇ. ಕಥೆ ಇದ್ದದ್ದು ಅವಳ ಹತ್ತಿರ, ನೀನು ಕೇಳಲಿಲ್ಲ. ನಾನೂ ಕೇಳಲಿಲ್ಲ. ಮುಂದಿನ ಸಲ ಬರೆಯುವಾಗ ಮೊದಲು ಅವಳನ್ನು ಕೇಳು. ನಿನ್ನ ಲೇಖನಿ ಗೆಲ್ಲಲಿ, ನೂರ್ಕಾಲ ಸುಖವಾಗಿರು.

ನಿನ್ನ ಅಪ್ಪ

ತಾ.ಕ.: ಕವರು ಅಂಟಿಸುವ ಮುನ್ನ ಮತ್ತೆ ಹೋಗಿ ಕೇಳಿದೆ: "ಜಾಗ ಸಿಕ್ಕಿದ್ರೆ ಏನು ಹೇಳ್ತಿದ್ದೆ?" ಅವಳು ಕೈ ಒರೆಸಿಕೊಂಡಳು. "ವಿಮಾನ ಇಳಿಯೋವಾಗ ಎಡಗಿವಿ ಮುಚ್ಕೊಳ್ತು. ಸಂಜೆ ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ಅದು ತೆರೀಲೇ ಇಲ್ಲ." ಹತ್ತು ವರ್ಷ, ಮಗಳೇ, ಒಂದೇ ಮನೆಯಲ್ಲಿ! "ನಂಗೆ ಗೊತ್ತೇ ಆಗ್ಲಿಲ್ವಲ್ಲೇ?" ಎಂದರೆ, "ನಿಮ್ಮ ಗಂಟಲಿಗೆ ಒಂದು ಕಿವಿ ಧಾರಾಳ ಆಯ್ತು" ಎಂದಳು. ನಾಳೆ ಬೆಳಿಗ್ಗೆ ಅವಳನ್ನು ಕಿವಿ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. ಏನಾಯಿತೆಂದು ಅವರು ಕೇಳಿದಾಗ ಅವಳೇ ಹೇಳಲಿ. ನಾನು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ.