ನಿನ್ನ ನೋವು ಯಾವ ದೇಶದ್ದು?

ಪುಟ್ಟಿ,

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಸಹಿಸಿಕೋ. ಸಿಟ್ಟು ನಿನ್ನ ಮೇಲಲ್ಲ. ಸರಿ, ನಿನ್ನ ಮೇಲೂ ಸ್ವಲ್ಪ ಇದೆ. ಫೋನ್ ಮಾಡಿದರೆ ‘ಹ್ಞೂಂ’, ‘ಆಯ್ತಕ್ಕ’ ಬಿಟ್ಟು ಬೇರೆ ಮಾತು ನಿನ್ನ ಬಾಯಿಂದ ಬರುವುದಿಲ್ಲ. ತಪ್ಪು ಅನ್ನುತ್ತಿಲ್ಲ. ಫೋನಿನಲ್ಲಿ ಮನಸ್ಸು ಬಿಚ್ಚಿದ್ದಕ್ಕೇ ಅಲ್ಲವೇ ಇಷ್ಟೆಲ್ಲ ಆದದ್ದು. ಅದಕ್ಕೇ ಈ ಕಾಗದ. ದಾರಿಯಲ್ಲಿ ಯಾರಾದರೂ ಒಡೆದು ಓದಿದರೆ ಅವರ ಮೇಲೂ ಕೇಸು ಹಾಕೋಣ. ಯಾವ ದೇಶದ ಕಾನೂನಿನಲ್ಲಿ ಅಂತ ಮಾತ್ರ ಕೇಳಬೇಡ. ಆ ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದುಹೋಗಿದೆ.

ಹೊಟ್ಟೆಯಲ್ಲಿದ್ದ ಮಗು ಹೋದ ಮೇಲೆ ನೀನು ಆಸ್ಪತ್ರೆಯ ಹೆರಿಗೆ ವಾರ್ಡಿನ ಡ್ಯೂಟಿ ಮುಗಿಸಿ ನೇರವಾಗಿ ನನ್ನ ಹೊಲಿಗೆ ಅಂಗಡಿಗೆ ಬರುತ್ತಿದ್ದೆ. ಬಟ್ಟೆ ಹಾಕಿ ನೋಡುವ ಮೂಲೆಯಲ್ಲಿ ಪರದೆ ಎಳೆದುಕೊಂಡು, ಮನಸ್ಸಿನ ನೋವು ಕೇಳುವ ಆ ಆ್ಯಪಿನ ಸಲಹೆಗಾರ್ತಿಯ ಹತ್ತಿರ ಮಾತಾಡುತ್ತಿದ್ದೆ. ನನ್ನ ಕಿವಿಗೆ ಬೀಳಬಾರದೆಂದು ನಾನು ಬೇಕೆಂದೇ ಮಿಷಿನ್ ಜೋರಾಗಿ ತುಳಿಯುತ್ತಿದ್ದೆ. ಒಡಹುಟ್ಟಿದವಳು ಕೇಳದ ಮಾತನ್ನು ಊರೆಲ್ಲ ಕೇಳಿತು ನೋಡು. ಯಾವನೋ ಆ ಆ್ಯಪ್ ಕಂಪನಿಯ ಕಂಪ್ಯೂಟರಿಗೆ ಕನ್ನ ಹಾಕಿ, ಅಲ್ಲಿ ಕೂಡಿಟ್ಟಿದ್ದ ಸಾವಿರಾರು ಜನರ ಮಾತುಗಳನ್ನು ಇಂಟರ್ನೆಟ್ಟಿಗೆ ಸುರಿದ. ನಿನ್ನ ವಾರ್ಡಿನಲ್ಲೇ ಯಾರೋ ನಿನ್ನ ದನಿಯ ಗುರುತು ಹಿಡಿದರು. ‘ಮಗು ಉಳಿದಿಲ್ಲ ಅಂದಾಗ ಒಂದು ಗಳಿಗೆ ನಂಗೆ ಹಗುರ ಅನ್ನಿಸ್ತು’ ಅನ್ನುವ ಒಂದೇ ಸಾಲು ಫೋನಿನಿಂದ ಫೋನಿಗೆ ಓಡಿತು. ಅದರ ಹಿಂದೆ ಮುಂದೆ ನೀನು ಅತ್ತದ್ದು ಯಾರಿಗೂ ಬೇಕಿರಲಿಲ್ಲ.

ಆಗ ನೀನು ತರಬೇತಿಗೆಂದು ಪಕ್ಕದ ದೇಶದಲ್ಲಿದ್ದೆ. ಹಾಸ್ಟೆಲ್ ಕೋಣೆಯಲ್ಲಿ ಗೆಳತಿಯ ಫೋನಿನಿಂದ ನಿನಗೆ ಸುದ್ದಿ ಗೊತ್ತಾಯಿತು. ವಾಪಸು ಬಂದು ಕೆಲಸಕ್ಕೆ ಹೋದೆ. ಬಾಣಂತಿಯೊಬ್ಬಳು ನಿನ್ನ ಕೈಗೆ ಕೂಸು ಕೊಡಲು ಹಿಂಜರಿದಳು. ಅವತ್ತೇ ರಾಜೀನಾಮೆ ಬರೆದೆ. ಕಂಪನಿಯ ಮೇಲೆ ಕೇಸು ನಡೆಸುವ ಅಧಿಕಾರ ನನ್ನ ಹೆಸರಿಗೆ ಬರೆದುಕೊಟ್ಟು, ‘ಏನಾದ್ರೂ ಮಾಡ್ಕೋ ಅಕ್ಕ’ ಎಂದು ಇನ್ನೊಂದು ದೇಶದ ಕೆಲಸಕ್ಕೆ ಹೊರಟುಹೋದೆ.

ಏನು ಮಾಡಿಕೊಳ್ಳುವುದು ಹೇಳು? ಕಂಪನಿ ಒಂದು ದೇಶದ್ದು. ಮಾತು ಕೂಡಿಟ್ಟ ಯಂತ್ರಗಳು ಇನ್ನೊಂದು ದೇಶದಲ್ಲಿ. ಕಳ್ಳ ಎಲ್ಲಿಯವನೋ, ಹೆತ್ತವಳಿಗೇ ಗೊತ್ತು. ನಮ್ಮ ವಕೀಲಮ್ಮ ಮೊದಲ ದಿನವೇ ಹೇಳಿದ್ದರು, ‘ಕೋರ್ಟು ಇಲ್ಲೀದೇ ಆದ್ರೂ, ಯಾವ ದೇಶದ ಕಾನೂನಿಂದ ತೂಗ್ಬೇಕು ಅನ್ನೋದು ಮೊದ್ಲು ಇತ್ಯರ್ಥ ಆಗ್ಬೇಕು’ ಎಂದು. ‘ಕಳವು ಕಳವೇ ಅಲ್ವಾ ಮೇಡಂ, ಗಡಿ ದಾಟಿದ್ರೆ ದಾನ ಆಗತ್ತಾ?’ ಎಂದೆ. ಅವರು ನಗಲಿಲ್ಲ. ಕಂಪನಿಯ ದೇಶದ ಕಾನೂನಿಗೆ ದುಡ್ಡಿನ ನಷ್ಟವಾದರೆ ಮಾತ್ರ ನಷ್ಟವಂತೆ, ಮನಸ್ಸಿಗಾದದ್ದು ಲೆಕ್ಕಕ್ಕಿಲ್ಲ. ಇಲ್ಲಿಯ ಕಾನೂನಿಗೆ ಅದೂ ಲೆಕ್ಕವೇ. ಅಂದರೆ ನಿನಗೆ ನೋವಾಯಿತೋ ಇಲ್ಲವೋ ಅನ್ನುವುದು ಯಾವ ಪುಸ್ತಕ ತೆರೆಯುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಕೇಳಿ ನನಗೆ ಮೈಯೆಲ್ಲ ಉರಿಯಿತು.

ಕಂಪನಿಯ ವಕೀಲ ಮೃದುವಾಗಿ ಮಾತಾಡುವ ಮನುಷ್ಯ. ಅಂಥವರನ್ನು ಕಂಡರೇ ನನಗೆ ಭಯ. ‘ಆಕೆ ಷರತ್ತಿಗೆ ಒಪ್ಪಿಗೆ ಒತ್ತಿದ್ದಾರೆ. ತಕರಾರು ಬಂದ್ರೆ ಕಂಪನಿಯ ದೇಶದ ಕಾನೂನೇ ಅಂತ ಅದ್ರಲ್ಲಿದೆ’ ಎಂದ. ಕೋಳಿ ಕೇಳಿಯೇ ಮಸಾಲೆ ಅರೆದಿದ್ದೇವೆ ಅಂದ ಹಾಗಾಯಿತು. ಕಣ್ಣು ಮಂಜಾಗಿದ್ದವಳು ಆ ಇರುವೆ ಸಾಲಿನಂಥ ಅಕ್ಷರ ಓದಿ ಒತ್ತಿದಳೇ? ಆ ವಾದ ಅಲುಗಾಡಿದಾಗ ಇನ್ನೊಂದು ತೆಗೆದ: ಸುದ್ದಿ ತಿಳಿದಾಗ ನೀನು ಪಕ್ಕದ ದೇಶದಲ್ಲಿದ್ದೆ, ಆದ್ದರಿಂದ ನೋವಾದದ್ದೂ ಅಲ್ಲೇ, ಕಾನೂನೂ ಅಲ್ಲಿಯದೇ. ಅದೂ ನಡೆಯದಿದ್ದಾಗ, ಈಗ ಆಕೆ ಈ ದೇಶದಲ್ಲೇ ಇಲ್ಲವಲ್ಲ ಎಂದ. ಓಡಿಸಿದವರೇ ‘ಓಡಿಹೋದಳು’ ಅನ್ನುವುದು! ನಾನು ಎದ್ದು ನಿಂತುಬಿಟ್ಟೆ. ವಕೀಲಮ್ಮ ತೋಳು ಹಿಡಿದು ಎಳೆದರು. ನ್ಯಾಯಾಧೀಶರು ಗದರಲಿಲ್ಲ, ‘ಇದೆಲ್ಲ ಆಗೋ ಮುಂಚೆ ನಿಮ್ಮ ತಂಗಿ ಎಲ್ಲಿದ್ದರಮ್ಮ?’ ಎಂದು ಕೇಳಿದರು. ‘ಇಲ್ಲೇ ಸ್ವಾಮಿ. ಅವಳ ಹಾಸಿಗೆ, ಅವಳ ಹಳೇ ಚಪ್ಪಲಿ, ಅವಳ ಅಮ್ಮ, ಎಲ್ಲಾ ಈಗ್ಲೂ ಇಲ್ಲೇ ಇದಾವೆ’ ಎಂದೆ. ಅಮ್ಮನನ್ನು ಚಪ್ಪಲಿಯ ಜೊತೆ ಸೇರಿಸಿದ್ದಕ್ಕೆ ಆಮೇಲೆ ಅಮ್ಮನಿಂದ ಬೈಸಿಕೊಂಡೆ.

ಮೊನ್ನೆ ಆದೇಶ ಬಂತು. ಫೋನ್ ಎಲ್ಲಿ ಬಡಿದುಕೊಂಡಿತು ಅನ್ನುವುದು ಮುಖ್ಯವಲ್ಲವಂತೆ. ಯಾರ ನಡುವೆ ಆಕೆ ದಿನಾ ಮುಖವೆತ್ತಿ ಬದುಕಬೇಕಿತ್ತೋ ಅಲ್ಲಿಯ ಕಾನೂನೇ ಸಲ್ಲುತ್ತದಂತೆ. ಒಂದು ಗುಂಡಿ ಒತ್ತಿಸಿಕೊಂಡು ಆ ರಕ್ಷಣೆ ಕಿತ್ತುಕೊಳ್ಳುವಂತಿಲ್ಲವಂತೆ. ‘ಗೆದ್ವಾ?’ ಎಂದು ವಕೀಲಮ್ಮನನ್ನು ಕೇಳಿದೆ. ‘ಈಗ ಶುರುವಾಯ್ತು’ ಎಂದರು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇಷ್ಟು ಕಾಲ ಹೊಡೆದಾಡಿದ್ದು ಬಾಗಿಲು ಯಾವುದು ಅಂತ ತಿಳಿಯಲಿಕ್ಕೆ ಅಷ್ಟೇ.

ಇನ್ನು ಒಳಗೆ ಹೋಗಬೇಕಾದವಳು ನೀನು. ಏನಾಯಿತೆಂದು ನೀನೇ ಹೇಳಬೇಕಂತೆ. ಮುಚ್ಚಿದ ಕೋಣೆ, ಹೊರಗಿನವರು ಯಾರೂ ಇರುವುದಿಲ್ಲ. ಬರಲಾಗದಿದ್ದರೆ ವಿಡಿಯೊದಲ್ಲೂ ಆದೀತು. ವಿಡಿಯೊ ಅಂದರೆ ನೀನು ಏನು ಅನ್ನುತ್ತೀ ಅಂತ ನನಗೆ ಗೊತ್ತು. ನಾನೂ ಅದನ್ನೇ ಅಂದೆ.

ಇಷ್ಟೇ ಆಗಿದ್ದರೆ ಬರೆಯುವುದು ಮುಗಿಯುತ್ತಿತ್ತು. ಅವತ್ತು ಕೋರ್ಟಿನಿಂದ ಬರುವಾಗ ಬಸ್ಸಿನಲ್ಲಿ, ನನ್ನ ಜೊತೆ ಬಂದಿದ್ದ ಅಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡು, ‘ನಿನಗಿಂತ ಮುಂಚೆ ಒಂದು ಹೋಗಿತ್ತು’ ಎಂದಳು. ನನಗೆ ಗೊತ್ತೇ ಇರಲಿಲ್ಲ ಪುಟ್ಟಿ. ‘ನನಗೂ ಹಾಗೇ ಅನ್ನಿಸಿತ್ತು ಕಣೇ. ಆಮೇಲೆ ವರ್ಷಗಟ್ಟಲೆ ಅತ್ತೆ. ಎರಡೂ ನಿಜವೇ. ಹೇಳ್ಕೊಳ್ಳೋಕೆ ಯಾರೂ ಇರ್ಲಿಲ್ಲ. ಅವಳಿಗೆ ಬರಿ, ಫೋನಲ್ಲಿ ಹೇಳ್ಬೇಡ’ ಎಂದಳು. ನಮ್ಮ ಸ್ಟಾಪು ಬರುವವರೆಗೂ ನನ್ನ ಕೈ ಬಿಡಲಿಲ್ಲ.

ಅದಕ್ಕೇ ಬರೆದೆ. ಈ ಮಾತು ಯಾವ ಕೋರ್ಟಿಗೂ ಸೇರಿದ್ದಲ್ಲ, ನಿನ್ನದು ಮತ್ತು ಅಮ್ಮನದು. ಓದಿ ಸುಟ್ಟುಹಾಕು. ಕೇಸು ಬೇಡ ಅನ್ನಿಸಿದರೆ ಬೇಡ ಎಂದು ಬರಿ, ನಾನೇ ಹೋಗಿ ವಾಪಸು ತೆಗೆದುಕೊಂಡು ಬರುತ್ತೇನೆ; ಮನೆಯಲ್ಲಿ ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಬೇಕು ಅನ್ನಿಸಿದರೆ ಹೊರಟು ಬಾ. ಆ ಕೋಣೆಯ ಹೊರಗಿನ ಬೆಂಚಿನ ಮೇಲೆ ನಾವಿಬ್ಬರೂ ಕೂತಿರುತ್ತೇವೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ತಲೆಯೆತ್ತಿ ನಡೆಯುವ ಹಾಗಾಗಲಿ ನಿನಗೆ.

ಸಿಟ್ಟು ಇನ್ನೂ ಪೂರ್ತಿ ಇಳಿಯದ,
ನಿನ್ನ ಅಕ್ಕ